ಬಸ್ಸಿನ ಕಿಟಕಿಯ ಹಸಿರು ಬಟ್ಟೆ

ಫೆಬ್ರವರಿ ೯

ಮಗಳು ಮೊಂಡಿಗೆ,

ನಿನ್ನ ಅಪ್ಪನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಅಂದರೆ ಸೊಂಟ ಒಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ. ನೀನು, ಅಳಿಯಂದಿರು, ಹಸುಗೂಸು ಎಲ್ಲರೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಹರಿದು ಹಾಕಿದೆ. ಫೋನ್ ಮಾಡಿದರೆ, "ಅಪ್ಪಾ, ನೀವು ಮಾತಾಡ್ತಿಲ್ಲ, ಕೂಗಾಡ್ತಿದ್ದೀರ, ಮಗು ಎದ್ದುಬಿಡುತ್ತೆ" ಎಂದು ಇಟ್ಟುಬಿಡುತ್ತೀಯ. ಕಾಗದ ಕೂಗುವುದಿಲ್ಲ. ಮಗು ಮಲಗಿದಾಗ ಓದು. ಅಕ್ಷರ ನೋಡಿ ನಗಬೇಡ, ಅದು ನಾಲ್ಕನೇ ಕ್ಲಾಸಿನಲ್ಲಿ ನಿಂತುಹೋದ ಅಕ್ಷರ, ಅಲ್ಲಿಂದ ಮುಂದೆ ಬೆಳೆದಿಲ್ಲ.

ಮೊದಲು ಒಂದು ಮಾತು ಹೇಳಿ ಮುಗಿಸುತ್ತೇನೆ. ಆವತ್ತು ಫೋನಿನಲ್ಲಿ, "ಆ ಡ್ರೈವರೂ ಪಾಪ, ಬೇಕು ಅಂತ ಮಾಡಿದ್ದಾ?" ಎಂದೆಯಲ್ಲ, ಅದು ಉಗುರೊಳಗೆ ಹೊಕ್ಕ ಸಿಬಿರಿನ ಹಾಗೆ ಕೂತಿದೆ. ರಸ್ತೆ ದಾಟುವ ಬಿಳಿ ಪಟ್ಟೆಯ ಮೇಲೆ ನಡೆಯುತ್ತಿದ್ದ ನಿನ್ನ ಅಮ್ಮನ ಮೇಲೆ ಬಸ್ಸು ಹತ್ತಿಸಿದವನು ಪಾಪವಾದರೆ ನಾನು ಯಾರು? ನನಗೂ ಒಂದು ಹೆಸರಿಟ್ಟು ಕಳಿಸು.

ಆಗ ನೀನು ತುಂಬು ಬಸುರಿ. ಬಂದು ಅತ್ತು ಹೋದೆ, ನಿನಗೆ ಯಾರೂ ಪೂರ್ತಿ ಹೇಳಲಿಲ್ಲ. ಈಗ ಹೇಳುತ್ತೇನೆ. ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ ಹೊಲಿಯುವ ಕೆಲಸಕ್ಕೆ ಅವಳು ದಿನಾ ಹೋಗುತ್ತಿದ್ದ ಬಸ್ಸು ಅದೇ. ಆಸ್ಪತ್ರೆ ಸ್ಟಾಪಿನಲ್ಲಿ ಇಳಿದು ಮೂಲೆಯವರೆಗೆ ನಡೆದು ಪಟ್ಟೆ ದಾಟಬೇಕು. ಅಷ್ಟರಲ್ಲಿ ಬಸ್ಸು ಜನ ಹತ್ತಿಸಿಕೊಂಡು ಅದೇ ಮೂಲೆಯಲ್ಲಿ ತಿರುಗುತ್ತದೆ. ಆವತ್ತೂ ತಿರುಗಿತು. ಇವಳು ಪಟ್ಟೆಯ ನಡುವೆ ಇದ್ದಳು. ಅಷ್ಟೇ.

ಇನ್ನು ಹತ್ತು ದಿನಕ್ಕೆ ವಿಚಾರಣೆ. ಸರ್ಕಾರದ ಪರವಾಗಿ ವಾದಿಸುವ ವಕೀಲಮ್ಮ ನನ್ನನ್ನೂ ಕರೆಸುತ್ತಾರಂತೆ. ಬಾಯಿಗೆ ಬಂದದ್ದು ಹೇಳಬಾರದು, ನೋಡಿದ್ದು ಗೊತ್ತಿರುವುದು ಮಾತ್ರ ಹೇಳಬೇಕು ಎಂದರು. ನಾನು ಏನು ನೋಡಿದ್ದೇನೆ? ಆಸ್ಪತ್ರೆಯ ಮಂಚ, ಅದರ ಮೇಲೆ ಅವಳೇ ಅಂಚು ಹೊಲಿದ ಬಟ್ಟೆ, ಅದರ ಕೆಳಗೆ ಅವಳು. ಅದಕ್ಕೇ ಮೊನ್ನೆ ಆ ಸ್ಟಾಪಿಗೆ ಹೋದೆ. ಮೂಲೆಯಲ್ಲಿ ಹಣ್ಣು ಮಾರುವ ಹೆಂಗಸು ಎಲ್ಲವನ್ನೂ ನೋಡಿದವಳು. ನಾನು ಬಾಯಿ ತೆಗೆಯುವ ಮೊದಲೇ, "ನೀವು ಹೊಲಿಗೆ ಅಮ್ಮನ ಯಜಮಾನ್ರಲ್ವಾ?" ಎಂದಳು.

"ಹೇಗೆ ಗೊತ್ತಾಯ್ತು?"

"ನಮ್ಮೋರಿಗೆ ಮೂಗಿನ ತುದೀಲೇ ಕೋಪ ಅಂತ ಹೇಳ್ತಿದ್ರು. ಮೂಗು ನೋಡಿದೆ."

ನಿನ್ನ ಅಮ್ಮ ಆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಹಿಡಿಯುತ್ತಿದ್ದಳಂತೆ. ಅದು ಹೊಲಿಗೆ ಅಮ್ಮನ ಸೀಟು ಎಂದು ಬೇರೆಯವರು ಕೂರುತ್ತಿರಲಿಲ್ಲವಂತೆ. ದಾರಿಯುದ್ದಕ್ಕೂ ಅವನ ಜೊತೆ ಮಾತು, ಇಳಿಯುವಾಗಲೂ ನಗು. ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದು ನಾನು ಕಂಡಿಲ್ಲ. ಕೇಳಿದರೆ, "ಏನಿದೆ ಹೇಳೋಕೆ, ಹೋದೆ ಬಂದೆ" ಎನ್ನುತ್ತಿದ್ದಳು. ಹೋಗುವುದಕ್ಕೂ ಬರುವುದಕ್ಕೂ ನಡುವೆ ಇಷ್ಟೆಲ್ಲ ಇತ್ತು ನೋಡು. ನನ್ನಿಂದ ಮುಚ್ಚಿಡುವುದು ಅಮ್ಮ ಮಗಳಿಬ್ಬರಿಗೂ ಮೊದಲಿಂದ ಅಭ್ಯಾಸವೇ ಬಿಡು.

"ಬಸ್ಸು ಬರೋದು ಅವ್ಳು ನೋಡ್ಲಿಲ್ವಾ?" ಎಂದು ಕೇಳಿದೆ.

"ಅವನ ಬಸ್ಸು ಅಂತ ಗೊತ್ತಿತ್ತಲ್ಲ ಯಜಮಾನ್ರೇ, ನೋಡೋದೇನು? ದಿನಾ ಇವ್ರು ದಾಟೋವರೆಗೂ ನಿಲ್ಲಿಸ್ಕೊಂಡಿರೋನು. ಕತ್ತು ಕೂಡ ತಿರುಗಿಸ್ತಿರಲಿಲ್ಲ ಅಮ್ಮ."

ನನ್ನ ಜೊತೆ ರಸ್ತೆ ದಾಟುವಾಗ ಆ ಕಡೆ ನೋಡಿ ಈ ಕಡೆ ನೋಡಿ, ನನ್ನ ತೋಳು ಹಿಡಿದು ಹಿಂದಕ್ಕೆಳೆದು, ಮತ್ತೆ ನೋಡುತ್ತಿದ್ದಳು. ಮೂವತ್ತೈದು ವರ್ಷ ಒಂದೇ ಮನೆಯಲ್ಲಿ ಇದ್ದೆ, ನನ್ನನ್ನು ನಂಬಿ ಕಣ್ಣು ಮುಚ್ಚಿ ಒಂದು ಹೆಜ್ಜೆ ಇಡಲಿಲ್ಲ. ಅವನನ್ನು ನಂಬಿ ಇಟ್ಟಳು.

ಇನ್ನೂ ಇದೆ. ಬಸ್ಸು ನಿಂತ ಮೇಲೆ ಅವನೇ ಹಾರಿ ಇಳಿದು ಬಂದು ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡನಂತೆ. ಆಂಬುಲೆನ್ಸ್ ಬರುವವರೆಗೂ ಅವಳು ಅವನ ಹತ್ತಿರ ಏನೋ ಹೇಳುತ್ತಲೇ ಇದ್ದಳಂತೆ.

"ಏನು ಹೇಳಿದ್ಲು?"

"ಅಷ್ಟೊಂದು ಜನ ಮುತ್ಕೊಂಡಿದ್ರು, ನಂಗೆಲ್ಲಿ ಕೇಳಿಸುತ್ತೆ? ಅವನನ್ನೇ ಕೇಳಿ."

ನಾನು ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ಅವಳ ಮಾತೆಲ್ಲ ಮುಗಿದಿತ್ತು ಮೊಂಡಿ. ಇದ್ದದ್ದನ್ನೆಲ್ಲ ಅವನಿಗೇ ಹೇಳಿ ಮುಗಿಸಿದ್ದಳು. ಈ ವಯಸ್ಸಿನಲ್ಲಿ ಅಪ್ಪನಿಗೆ ಹೊಟ್ಟೆಕಿಚ್ಚೇ ಎಂದು ನೀನು ನಗಬಹುದು. ನಗು. ಹೊಟ್ಟೆಕಿಚ್ಚೇ. ಅವನಿಗೆ ಶಿಕ್ಷೆ ಆಗಬೇಕು, ಅದಕ್ಕಿಂತ ಮೊದಲು ಅವಳು ಏನೆಂದಳು ಎನ್ನುವುದನ್ನು ಅವನು ಕಕ್ಕಬೇಕು.

ಮಗುವಿನ ತೊಟ್ಟಿಲಿಗೆ ಕಾಲು ಕಡೆಯುತ್ತಿದ್ದೇನೆ. ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ಇಂತಿ ನಿನ್ನ ಅಪ್ಪ

*

ಫೆಬ್ರವರಿ ೨೦

ಮೊಂಡಿ,

ಆಶೀರ್ವಾದ. ಮಗುವಿಗೆ ಕೆಮ್ಮು ಎಂದು ನೀನು ಬರೆದಿದ್ದೆ, ಈಗ ಹೇಗಿದೆ? ತಣ್ಣನೆ ಗಾಳಿಗೆ ಎತ್ತಿಕೊಂಡು ತಿರುಗಬೇಡ. "ಅಮ್ಮ ಬಸ್ಸಿನಲ್ಲಿ ನಗುತ್ತಿದ್ದಳು ಅಂತ ಸಂತೋಷ ಪಡಿ" ಎಂದು ಬರೆದಿದ್ದೀಯ. ಬಹಳ ದೊಡ್ಡವಳಾಗಿದ್ದೀಯ. ಉತ್ತರ ಬರೆಯದೆ ಇದ್ದದ್ದು ಅದಕ್ಕೇ, ಮತ್ತೇನೂ ಇಲ್ಲ.

ಕೋರ್ಟು ಎಂದರೆ ಏನೋ ಎಂದುಕೊಂಡಿದ್ದೆ. ಒಂದು ಕೋಣೆ, ಗಡಗಡ ಅನ್ನುವ ಫ್ಯಾನು, ಕಾಲು ಅಲುಗಾಡುವ ಬೆಂಚು. ಒಂದು ಬೆಣೆ ಹೊಡೆದರೆ ಸರಿಹೋಗುತ್ತದೆ, ಯಾರಿಗೂ ಬೇಕಾಗಿಲ್ಲ. ಅವನನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅಂಥ ರೂಪವಂತನೇನೂ ಅಲ್ಲ. ಬೊಕ್ಕತಲೆ, ನನ್ನ ಭುಜದಷ್ಟೆತ್ತರ, ಅಂಗಿಯ ಕಾಲರು ಸವೆದಿದೆ. ಇವನ ಹತ್ತಿರ ಅದೇನು ಮಾತಿತ್ತು ಇವಳಿಗೆ ಎಂದು ನೋಡುತ್ತಲೇ ಕೂತೆ.

ಪೊಲೀಸಿನವನು ಒಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದ. ಡ್ರೈವರ್ ಸೀಟಿನ ಪಕ್ಕದ ಕಿಟಕಿಗೆ ಕಟ್ಟಿದ್ದ ಬಟ್ಟೆಯಂತೆ. ಬೆಳಗಿನ ಹೊತ್ತು ಆ ದಾರಿಯಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ ಡ್ರೈವರುಗಳೆಲ್ಲ ಏನಾದರೂ ಒಂದು ಕಟ್ಟಿಕೊಳ್ಳುತ್ತಾರಂತೆ. ತಿರುವಿನಲ್ಲಿ ಆ ಕಡೆಯಿಂದ ನಡೆದು ಬರುವವರು ಆ ಬಟ್ಟೆಯ ಹಿಂದೆ ಮರೆಯಾಗುತ್ತಾರೆ. ನಿನ್ನ ಅಮ್ಮ ಮರೆಯಾದದ್ದು ಹಾಗೆ.

ಚೀಲದಿಂದ ಬಟ್ಟೆ ತೆಗೆದು ಬಿಡಿಸಿ ಹಿಡಿದ. ನಾನು ಬೆಂಚಿನಿಂದ ಅರ್ಧ ಎದ್ದುಬಿಟ್ಟೆ.

ಕಡು ಹಸಿರು ಬಟ್ಟೆ. ಎರಡು ಸಲ ಮಡಿಚಿ ಹೊಲಿದ ಅಂಚು, ಮೂಲೆಯಲ್ಲಿ ದಾರ ಹಿಂದಕ್ಕೆ ಮುಂದಕ್ಕೆ ಓಡಿಸಿ ಹಾಕಿದ ಗಟ್ಟಿ ಹೊಲಿಗೆ. ಅದರ ಒಂದು ಬದಿಗೆ ವಾರ್ನಿಷ್ ಕಲೆ, ನನ್ನ ನಾಲ್ಕು ಬೆರಳಿನದು.

ಹೋದ ವರ್ಷದ ಮಾತು. ನಾನು ಅಂಗಳದಲ್ಲಿ ಬಾಗಿಲಿಗೆ ವಾರ್ನಿಷ್ ಹಚ್ಚಿ ಷೆಡ್ಡಿಗೆ ಬಂದರೆ ಕಿಟಕಿಗೆ ಇದು ನೇತಾಡುತ್ತಿತ್ತು. "ಇದೇನೇ ನನ್ನ ಕಿಟಕಿಗೆ ಲಂಗ ಉಡಿಸಿದ್ದೀಯ?" ಎಂದೆ. "ಬೆಳಗ್ಗೆ ಕಣ್ಣು ಕಿರಿದು ಮಾಡ್ಕೊಂಡು ಕೆಲ್ಸ ಮಾಡ್ತೀರಲ್ಲ, ಅದಕ್ಕೆ ಹೊಲಿದೆ" ಎಂದಳು. "ಗರಗಸದ ಮುಂದೆ ನಿಂತೋನಿಗೆ ಬೆಳಕು ಬೇಕು ಕಣೇ, ಪರದೆ ಅಲ್ಲ. ಬೆರಳು ಹೋದ್ರೆ ನೀನು ಹೊಲಿದು ಕೊಡ್ತೀಯಾ?" ಎಂದು ಎಳೆದು ಹಾಕಿದೆ. ಕೈಯಲ್ಲಿ ವಾರ್ನಿಷ್ ಇತ್ತು. ಅವಳು ಅದನ್ನು ಮಡಿಚಿಕೊಂಡು ಹೋದಳು. ಒರೆಸುವ ಬಟ್ಟೆ ಮಾಡಿಕೊಂಡಿರಬೇಕು ಎಂದುಕೊಂಡೆ. ನಾನು ಅಂದದ್ದು ಆಗಲೂ ಸರಿ, ಈಗಲೂ ಸರಿ, ಮರದ ಕೆಲಸ ಗೊತ್ತಿದ್ದವರು ಯಾರನ್ನಾದರೂ ಕೇಳು. ಆದರೆ ನನಗೆ ಹೊಲಿದದ್ದನ್ನು ಅವನಿಗೆ ಕೊಟ್ಟಳಲ್ಲ!

ಮುಂದೆ ಕೇಳು. ಜಡ್ಜ್ ಸಾಹೇಬರು ಅವನನ್ನು ಕೇಳಿದರು, "ಈ ಬಟ್ಟೆ ಎಲ್ಲಿಂದ ಬಂತು?"

"ನಾನೇ ತಂದು ಕಟ್ಟಿದ್ದು ಸ್ವಾಮಿ. ಅಂಗಡೀಲಿ ತಗೊಂಡೆ."

ಸುಳ್ಳು! ಅದನ್ನು ಹೇಳುವಾಗ ಜಡ್ಜ್ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

ಬಸ್ ಕಂಪನಿಯ ವಕೀಲ ಎದ್ದ. ಕಿಟಕಿಗೆ ಏನೂ ಕಟ್ಟಬಾರದು ಎನ್ನುವುದು ಕಂಪನಿಯ ನಿಯಮ, ಕಟ್ಟಿದ್ದು ಡ್ರೈವರನ ಸ್ವಂತ ತಪ್ಪು ಎಂದ. ಅಷ್ಟಕ್ಕೇ ಬಿಡಲಿಲ್ಲ. ಮೃತ ಹೆಂಗಸೂ ಬಸ್ಸು ಬರುವುದನ್ನು ನೋಡದೆ ದಾಟಿದ್ದಾರೆ, ಅದನ್ನೂ ಗಮನಿಸಬೇಕು ಎಂದ. ನನ್ನ ಕೈಗೆ ಉಳಿ ಸಿಕ್ಕಿದ್ದರೆ ಎಸೆದುಬಿಡುತ್ತಿದ್ದೆ. ಅಷ್ಟರಲ್ಲಿ ಡ್ರೈವರೇ ಗಟ್ಟಿಯಾಗಿ, "ಅವ್ರದ್ದೇನೂ ತಪ್ಪಿಲ್ಲ ಸ್ವಾಮಿ, ಪಟ್ಟೆ ಮೇಲೇ ಇದ್ರು. ಆಗ್ಲೇ ದಾಟಿರ್ತಾರೆ ಅಂದ್ಕೊಂಡೆ. ನೋಡ್ಬೇಕಾಗಿದ್ದವನು ನಾನು, ನೋಡ್ಲಿಲ್ಲ" ಎಂದ. ಹಣ್ಣಿನ ಹೆಂಗಸು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ವಕೀಲಮ್ಮನ ಮುಖವೂ ಮೆತ್ತಗಾಯಿತು.

ನನಗೆ ಮೈ ಉರಿಯಿತು. ನನ್ನ ಹೆಂಡತಿಯ ಪರವಾಗಿ ಮಾತಾಡಲು ಇವನು ಯಾರು? ಅವಳನ್ನು ಕೊಂದವನೂ ಅವನೇ, ಕಾಪಾಡುವವನೂ ಅವನೇ ಆದರೆ ನಾನು ಅಲ್ಲಿ ಬೆಂಚು ಬಿಸಿ ಮಾಡಲು ಹೋಗಿದ್ದೇನಾ?

ಹೊರಗೆ ಕಾರಿಡಾರಿನಲ್ಲಿ ಅವನನ್ನು ಹಿಡಿದುಕೊಂಡೆ. "ಸುಳ್ಳು ಯಾಕೆ ಹೇಳಿದೆ?" ಎಂದೆ. ತಲೆ ತಗ್ಗಿಸಿದ. "ನಾನು ಬಿಸಿಲಿಗೆ ಕಣ್ಣು ಉಜ್ಜಿಕೊಳ್ಳೋದು ನೋಡಿ ಹೊಲ್ಕೊಟ್ರು ಯಜಮಾನ್ರೇ. ಹೇಳಿದ್ರೆ ಕಂಪನಿಯೋರು ತಪ್ಪನ್ನ ಅವ್ರ ಮೇಲೇ ಹಾಕ್ತಾರೆ."

"ಕೊನೇಲಿ ನಿನ್ನ ಹತ್ರ ಏನು ಹೇಳಿದ್ಲು?"

"ಏನೂ ಇಲ್ಲ."

"ಮಾತಾಡ್ತಾನೇ ಇದ್ರು ಅಂತ ನೋಡಿದೋರು ಹೇಳ್ತಾರೆ."

"ಏನೂ ಇಲ್ಲ ಯಜಮಾನ್ರೇ" ಎಂದು ಹೊರಟೇಹೋದ. ನೋಡಿದೆಯಾ, ಅದನ್ನೂ ಬಚ್ಚಿಟ್ಟುಕೊಂಡಿದ್ದಾನೆ, ಅವನ ಸ್ವಂತದ್ದು ಅನ್ನುವ ಹಾಗೆ.

ಬಟ್ಟೆಯ ವಿಷಯ ವಕೀಲಮ್ಮನಿಗೆ ಹೇಳಿದೆ. ಅವರು ಹಣೆ ಹಿಡಿದುಕೊಂಡು ಕೂತರು. "ನಾನು ಕೇಳಿ ಆಯ್ತು, ಮುಚ್ಚಿಡೋಕೆ ಆಗಲ್ಲ, ಕೋರ್ಟಿಗೆ ತಿಳಿಸಬೇಕು. ನೀವೇ ನಿಂತು ಹೇಳಬಹುದು. ಆದರೆ ಯೋಚನೆ ಮಾಡಿ, ಆ ವಕೀಲರು ನಿಮ್ಮ ಮನೆಯವರ ಮೇಲೆ ಬೀಳ್ತಾರೆ. ತಡ್ಕೋತೀರಾ?" ಎಂದರು. ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ಹೇಳಬೇಡ. ಮುಂದಿನ ಸಲ ನನ್ನನ್ನೇ ಕರೆಯುತ್ತಾರೆ.

ಮಗುವಿಗೆ ಎರಡು ಹೊತ್ತೂ ಬಿಸಿನೀರಿನ ಹಬೆ ತೋರಿಸು.

ಇಂತಿ ನಿನ್ನ ಅಪ್ಪ

*

ಮಾರ್ಚ್ ೧೬

ಪ್ರೀತಿಯ ಮೊಂಡಿಗೆ,

ಆಶೀರ್ವಾದ. ಮಗು ಮಗುಚಿಕೊಂಡಿತು ಎಂದು ಓದಿ ಒಬ್ಬನೇ ಷೆಡ್ಡಿನಲ್ಲಿ ನಕ್ಕೆ. ಪಕ್ಕದ ಬೀಗದ ಅಂಗಡಿಯವನು ಇಣುಕಿ ನೋಡಿ, "ಏನಣ್ಣಾ, ಮೈಯಲ್ಲಿ ಹುಷಾರಿದೆಯಾ?" ಎಂದು ಕೇಳಿದ. ನಾನು ನಗುವುದು ಅಷ್ಟು ಅಪರೂಪವೇ? ಇರಲಿ. ಬರೆಯುವುದು ತಡವಾಯಿತು, ತೀರ್ಪು ಬಂದ ಮೇಲೇ ಬರೆಯೋಣ ಎಂದು ಕಾದೆ.

ನಾನು ಹೇಳಿಬಿಟ್ಟೆ. ನಿಂತು, ಕಟಕಟೆ ಹಿಡಿದು, "ಆ ಬಟ್ಟೆ ಅಂಗಡೀದಲ್ಲ ಸ್ವಾಮಿ. ನನ್ನ ಹೆಂಡ್ತಿ ಹೊಲಿದದ್ದು. ಮೊದಲು ನನಗೆ ಅಂತ ಹೊಲಿದದ್ದು. ಬೇಕಾದ್ರೆ ನೋಡಿ, ನನ್ನ ಬೆರಳಿನ ಗುರುತು ಇದೆ" ಎಂದೆ. ಡ್ರೈವರ್ ಬೇಡ ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದ. ನಾನು ನೋಡದ ಹಾಗೆ ಮಾಡಿದೆ.

ಕಂಪನಿಯ ವಕೀಲ ಬಾಗಿಲು ತೆರೆದದ್ದು ಕಂಡ ಬೆಕ್ಕಿನ ಹಾಗೆ ಎದ್ದ. "ಹಾಗಾದರೆ ಮೃತರೇ ತಮ್ಮ ಕೈಯಾರೆ..." ಎಂದು ಶುರು ಮಾಡಿದ.

"ಕೂತ್ಕೊಳ್ರೀ, ನಂದಿನ್ನೂ ಮುಗಿದಿಲ್ಲ" ಎಂದೆ. ಜಡ್ಜ್ ಸಾಹೇಬರು, "ಹಿರಿಯರೇ, ದನಿ ಇಳಿಸಿ" ಎಂದರು. ಇಳಿಸಿದೆ, ಆದಷ್ಟು.

"ಹೌದು, ಹೊಲಿದಳು. ಹೊಲಿಯೋದು ಅವಳ ಕೆಲಸ, ಕಣ್ಣಿಗೆ ಬಿಸಿಲು ಹೊಡೆಯೋರು ಕಂಡ್ರೆ ಹೊಲಿದುಕೊಡ್ತಾಳೆ. ನನ್ನ ಕಿಟಕಿಗೂ ಇದನ್ನೇ ಕಟ್ಟಿದ್ದಳು, ನಾನು ಕಿತ್ತು ಹಾಕಿದೆ. ಯಾಕೆ? ನನಗೆ ಕಣ್ಣಿಲ್ಲದೆ ಕೆಲಸ ಇಲ್ಲ. ತಪ್ಪಿದ್ರೆ ನನ್ನ ಬೆರಳೇ ಹೋಗೋದು, ಆದರೂ ಕಿತ್ತೆ. ಈ ಮನುಷ್ಯ ತಪ್ಪಿದ್ರೆ ಹೋಗೋದು ಬೇರೆಯವರು. ಪ್ರೀತಿಯಿಂದ ಕೊಟ್ರೆ ಇಸ್ಕೊಂಡು ಮನೇಲಿ ಇಟ್ಕೋಬೇಕಿತ್ತು, ಕಿಟಕಿಗೆ ಕಟ್ಟಬಾರದಾಗಿತ್ತು. ಮತ್ತೆ ನೀವು, ನಿಯಮ ನಿಯಮ ಅಂತೀರಲ್ಲ, ದಿನಾ ಬೆಳಗ್ಗೆ ಡಿಪೋ ಗೇಟಲ್ಲಿ ಆ ಬಸ್ಸು ಕಣ್ಣು ಕಟ್ಕೊಂಡು ಹೊರಡೋದನ್ನ ನಿಂತು ನೋಡಿದವರು ಯಾರು?"

ನಾನು ಡ್ರೈವರ್ ಕಡೆ ತಿರುಗಿ, "ನೀನು ನಿನ್ನ ತಪ್ಪು ಮಾತ್ರ ಹೊತ್ಕೋ. ಅವಳದ್ದನ್ನ ಮುಟ್ಬೇಡ. ಅವಳ ತಪ್ಪು ನಮ್ಮ ಮನೇದು" ಎಂದೆ. ಜಡ್ಜ್ ಸಾಹೇಬರು ಇದನ್ನು ಬರೆದುಕೊಳ್ಳಬೇಕಾಗಿಲ್ಲ ಎಂದು ಗುಮಾಸ್ತನಿಗೆ ಹೇಳಿದರು.

ಎಲ್ಲರೂ ನಾನು ಅವನ ಮೇಲೆ ದಯೆ ತೋರಿಸಿದೆ ಎಂದುಕೊಂಡಿದ್ದಾರೆ. ಹಣ್ಣಿನ ಹೆಂಗಸು ಹೊರಗೆ ಬಂದಾಗ, "ದೊಡ್ಡ ಮನಸ್ಸು ನಿಮ್ದು" ಎಂದು ಎರಡು ಹಣ್ಣು ಕೈಗೆ ತುರುಕಿದಳು. ನೀನಾದರೂ ತಪ್ಪು ತಿಳಿಯಬೇಡ. ಅವಳ ಹೆಸರಿನಲ್ಲಿ ಅವನು ಹೊತ್ತುಕೊಂಡು ನಿಂತಿದ್ದ ಸುಳ್ಳು ನನ್ನ ಕಣ್ಣಿಗೆ ಅವಳು ಅವನಿಗೆ ಕೊಟ್ಟ ಇನ್ನೊಂದು ವಸ್ತುವಿನ ಹಾಗೆ ಕಾಣುತ್ತಿತ್ತು. ಕಿತ್ತುಕೊಂಡೆ.

ತೀರ್ಪು ಹೋದ ವಾರ ಬಂತು. ತಪ್ಪು ಡ್ರೈವರನದೇ ಎಂದಾಯಿತು. ಜೈಲು, ಲೈಸೆನ್ಸ್ ರದ್ದು. ಬಟ್ಟೆಯನ್ನು ಯಾರು ಹೊಲಿದರೂ ತಿರುಗುವ ಮುಂಚೆ ಅದನ್ನು ಸರಿಸಿ ನೋಡಬೇಕಾದವನು ಅವನೇ ಎಂದು ಜಡ್ಜ್ ಸಾಹೇಬರು ಓದಿದರು. ಪಟ್ಟೆಯ ಮೇಲೆ ನಡೆಯುವವರು ಡ್ರೈವರನನ್ನು ನಂಬುವುದು ತಪ್ಪಲ್ಲ ಎಂದೂ ಓದಿದರು. ಕಂಪನಿಗೂ ಛೀಮಾರಿ ಹಾಕಿದರು, ಈಗ ಆ ದಾರಿಯ ಬಸ್ಸುಗಳೆಲ್ಲ ಬೋಳು ಕಿಟಕಿಯಲ್ಲಿ ಓಡಾಡುತ್ತಿವೆ. ಮೊನ್ನೆ ಒಂದು ಹತ್ತಿದೆ, ಡ್ರೈವರ್ ಹಿಂದಿನ ಆ ಸೀಟಿನಲ್ಲೇ ಕೂತೆ. ಹೊಸ ಡ್ರೈವರ್ ಹುಬ್ಬಿಗೆ ಕೈ ಅಡ್ಡ ಹಿಡಿದು ಓಡಿಸುತ್ತಿದ್ದ. ಅವನ ಹತ್ತಿರ ಏನಾದರೂ ಮಾತಾಡೋಣ ಎಂದು ನೋಡಿದೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಆ ಮೂಲೆಯಲ್ಲಿ ಅವನು ನಿಲ್ಲಿಸಿದ, ಕತ್ತು ಚಾಚಿ ನೋಡಿದ, ಆಮೇಲೆ ತಿರುಗಿಸಿದ. ಅಷ್ಟೇ ಕೆಲಸ ನೋಡು. ಕತ್ತು ಚಾಚುವುದು.

ಬಟ್ಟೆ ಯಾರಿಗೆ ಸೇರಬೇಕು ಎಂದು ಕೇಳಿದಾಗ ನನಗೆ ಎಂದೆ. ಮೇಲ್ಮನವಿ ಯಾರೂ ಹಾಕುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ಕೊಟ್ಟರು. ತಂದು ಷೆಡ್ಡಿನ ಕಿಟಕಿಗೆ ಹಿಡಿದು ನೋಡಿದೆ. ಕಟ್ಟಲಿಕ್ಕಲ್ಲ, ಸುಮ್ಮನೆ. ಅರ್ಧಕ್ಕೂ ಸಾಲುವುದಿಲ್ಲ. ಅವನ ಕಿಟಕಿಯ ಅಳತೆಗೆ ಕತ್ತರಿಸಿದ್ದಾಳೆ. ಮಡಿಚಿ ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೇನೆ. ನೀನು ಬಂದಾಗ ಅದನ್ನು ಏನು ಮಾಡುತ್ತೀಯೋ ಮಾಡು, ನನ್ನ ಕಣ್ಣಿಗೆ ಬೀಳದ ಹಾಗೆ.

ತೊಟ್ಟಿಲು ಮುಗಿದಿದೆ, ಅಳಿಯಂದಿರಿಗೆ ಬಿಡುವಾದಾಗ ಬಂದು ಒಯ್ಯಲಿ. ಮಗುವಿಗೆ ಅಜ್ಜಿಯ ಮೂಗು ಬಂದಿದೆ ಎಂದು ಬರೆದಿದ್ದೀಯ. ಒಳ್ಳೆಯದೇ ಆಯಿತು, ನನ್ನದು ಬರಲಿಲ್ಲ. ಮಗು ಗಟ್ಟಿಯಾಗಿ ಬೆಳೆಯಲಿ, ರಸ್ತೆ ದಾಟುವಾಗ ಯಾರ ಬಸ್ಸಾದರೂ ಸರಿ ತಿರುಗಿ ನೋಡುವಂತಾಗಲಿ. ನೀನು ನೂರು ಕಾಲ ನಗುತ್ತಾ ಬಾಳು, ಮನೆಯಲ್ಲೂ ನಗು.

ಇಂತಿ ನಿನ್ನ ಅಪ್ಪ

ತಾ.ಕ.: ಅಂಟು ಹಾಕಿದ ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ತೀರ್ಪಿನ ದಿನ ಆ ಡ್ರೈವರನನ್ನು ಜೈಲಿಗೆ ಕರೆದುಕೊಂಡು ಹೋಗುವ ಮುಂಚೆ ಪೊಲೀಸಿನವರನ್ನು ಕೇಳಿಕೊಂಡು ನನ್ನ ಹತ್ತಿರ ಬಂದ. "ಯಜಮಾನ್ರೇ, ನೀವು ಅವ್ರದ್ದನ್ನ ಮುಟ್ಬೇಡ ಅಂದ್ರಿ. ಇದೊಂದು ನನ್ನ ಹತ್ರ ಉಳಿದುಬಿಟ್ಟಿದೆ. ಹೇಳ್ಬೇಡಿ ಅಂದಿದ್ರು, ಅದಕ್ಕೆ ಹೇಳಿರ್ಲಿಲ್ಲ" ಎಂದ. ಅವಳು ಕೊನೆಯವರೆಗೂ ಹೇಳುತ್ತಿದ್ದದ್ದು ಒಂದೇ ಮಾತಂತೆ: "ಮನೇಲಿ ಹೇಳ್ಬೇಡಿ, ಬೈತಾರೆ."

ಮೊಂಡಿ, ನೀನು ಚಿಕ್ಕವಳಿದ್ದಾಗ ಲೋಟವೋ ಕನ್ನಡಿಯೋ ಒಡೆದು ಹಾಕಿದರೆ ಅಮ್ಮ ಮಗಳಿಬ್ಬರೂ ಚೂರು ಆರಿಸುತ್ತಾ ಇದೇ ಮಾತನ್ನು ಪಿಸುಗುಟ್ಟಿಕೊಳ್ಳುತ್ತಿದ್ದಿರಿ, "ಅಪ್ಪನಿಗೆ ಹೇಳ್ಬೇಡ, ಬೈತಾರೆ." ನನಗೆ ಷೆಡ್ಡಿನಲ್ಲಿ ಎಲ್ಲ ಕೇಳಿಸುತ್ತಿತ್ತು. ಕೆಲಸ ನಿಲ್ಲಿಸಿ ಒಬ್ಬನೇ ನಗುತ್ತಿದ್ದೆ, ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ಒಳಗೆ ಬರುತ್ತಿದ್ದೆ. ಅದು ನಮ್ಮ ಮೂವರ ಮಾತು. ಅದನ್ನೂ ಅವನಿಗೇ ಕೊಟ್ಟು ಹೋದಳು.